ಮಠದ ಹೊಸ್ತಿಲು

ಹೆಂಡತಿ ಬೆಳಿಗ್ಗೆಯೇ ಮನೆ ಬಿಟ್ಟು ಮಠ ಸೇರಿದ್ದಾಳೆಂದು ಪೇಟೆಯಲ್ಲಿ ಯಾರೋ ಹೇಳಿದಾಗ ಫಕೀರಗೌಡ ಮನೆಗೂ ಹೋಗದೆ ನೇರವಾಗಿ ಅಲ್ಲಿಗೇ ಬಂದ. ಮಠದ ಪಲ್ಲಕ್ಕಿಗೆ ಮೊದಲ ಹೆಗಲು ಕೊಡುವ ಮನೆತನ ಅವನದು. ತನ್ನನ್ನು ಅಲ್ಲಿ ಯಾರೂ ತಡೆಯಲಾರರೆಂದೇ ನಂಬಿದ್ದ. ಆದರೆ ಮಠದ ಮಾತಾಜಿ ಹೊಸ್ತಿಲಲ್ಲೇ ಅಡ್ಡ ನಿಂತರು.

“ಅಕಿನ್ನ ಹೊರಗ ಕಳಸ್ರಿ.”

“ಕಳಸೂದಿಲ್ಲ. ಅಕಿ ಕಿವಿಯಾಗಿನ ರಕ್ತ ಇನ್ನೂ ನಿಂತಿಲ್ಲ.”

“ಗಂಡ ಹೇಣ್ತಿ ಜಗಳ ನಮ್ಮ ಮನಿದು. ಮಠಕ್ಕೇನ ಸಂಬಂಧ?”

“ಅಕಿ ಈ ಹೊಸ್ತಿಲ ದಾಟಿ ಒಳಗ ಬಂದಾಳ. ಈಗ ಸಂಬಂಧ ಐತಿ.”

ಪ್ರಸಾದಕ್ಕೆ ಕುಳಿತಿದ್ದವರೆಲ್ಲ ಕೈ ನಿಲ್ಲಿಸಿ ಇತ್ತಲೇ ನೋಡತೊಡಗಿದರು. ಅಷ್ಟು ಜನರ ಮುಂದೆ ಹೆಂಗಸೊಬ್ಬಳು ತನಗೆ ಎದುರಾಡಿದ್ದು ಕಂಡು ಅವನ ಮೈ ಉರಿಯಿತು.

“ನಾಳಿಯಿಂದ ನಮ್ಮ ಓಣಿಯವರು ಒಬ್ಬರೂ ನಿಮ್ಮ ಪಲ್ಲಕ್ಕಿ ಹೊರೂದಿಲ್ಲ, ತಿಳೀತಿಲ್ಲೋ?”

“ಹೊರಬ್ಯಾಡ್ರಿ. ಪಲ್ಲಕ್ಕಿ ಇಲ್ಲೇ ಇರತೈತಿ. ಅಕೀನೂ ಇಲ್ಲೇ ಇರತಾಳ.”

ಅವನು ಚಪ್ಪಲಿ ಕಾಲಲ್ಲೇ ಮೆಟ್ಟಿಲೇರಿದ. ಒಬ್ಬಳೇ ಮನೆಯಿಂದ ಹೊರಬೀಳುವ ಧೈರ್ಯ ಹೆಂಡತಿಗಿಲ್ಲವೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಅಕಿನ್ನ ಇಲ್ಲಿಗೆ ಕರಕೊಂಡು ಬಂದವರು ಯಾರ ಹೇಳ್ರಿ. ಅವರ ಕಾಲ ಮುರೀತೀನಿ.”

ಮಾತಾಜಿ ಬಾಗಿಲಿನ ಪಕ್ಕಕ್ಕೆ ಸರಿದರು. ಒಳಗಿನಿಂದ ಅವನ ತಾಯಿ ಗೋಡೆ ಹಿಡಿದು ಕುಂಟುತ್ತ ಬಂದು ಎದುರಿಗೆ ನಿಂತಳು.

“ನಾನ ಕರಕೊಂಡು ಬಂದೀನಿ. ಒಂದು ಕಾಲ ನಿಮ್ಮಪ್ಪ ಮುರದಾನ. ಇನ್ನೊಂದು ನೀ ಮುರಿ.”