ಉಣ್ಣೆಗೆ ಮೈಲಿಗೆ ಇಲ್ಲ

ಅಕ್ಕನ ಪರವಾಗಿ ಅವತ್ತು ನಾನು ಬಾಯಿ ತೆಗೆಯಲಿಲ್ಲ. ಒದ್ದೆ ಉಣ್ಣೆಯ ವಾಸನೆ ಬಂದರೆ ಈಗಲೂ ಮೈ ಉರಿಯುತ್ತದೆ.

ಪೂಜೆಗೆ ಬರುವ ಆಚಾರ್ಯರಿಗೆ ಹಾಸುವ ಉಣ್ಣೆಯ ಗಲೀಚೆಯನ್ನು ಅಜ್ಜಿ ಅಂಟುವಾಳದ ನೊರೆಯಲ್ಲಿ ತೊಳೆದು ಅಂಗಳದಲ್ಲಿ ಒಣಹಾಕಿದ್ದಳು. ಕಾಯಬೇಕಾದ ನಾನು ಗೋಲಿ ಆಡುತ್ತಿದ್ದೆ. ಮಳೆ ಹನಿಯಿತು. "ಅಕ್ಕಾ, ಗಲೀಚಾ ಎತ್ತು" ಎಂದು ಕೂಗಿದೆ. ಮುಟ್ಟಾಗಿ ಹೊರಗೆ ಕುಳಿತಿದ್ದ ಅಕ್ಕ ಓಡಿಬಂದು ಎತ್ತಿದಳು.

"ಹೊರಗ ಕೂತಾಕಿ ಮುಟ್ಟಿ ಮೈಲಿಗಿ ಮಾಡಿದ್ಯಲ್ಲ" ಎಂದಳು ಅಜ್ಜಿ.

"ಉಣ್ಣಿಗೆ ಮೈಲಿಗಿ ಇಲ್ಲಂತ ನೀನ ಹೇಳ್ತಿದ್ದಿ, ಅಜ್ಜಿ."

"ಅದು ಆಚಾರ್ರು ಕೂತಾಗ. ನಿನಗಲ್ಲ."

ಅಕ್ಕ ಉಳಿಸಿದ ಗಲೀಚೆಯನ್ನು ಅಜ್ಜಿ ಮಳೆಗೇ ಎಸೆದು, ಪಕ್ಕದಲ್ಲಿ ಅಕ್ಕನನ್ನೂ ನಿಲ್ಲಿಸಿದಳು. ಬಣ್ಣ ಬಿಟ್ಟ ಕೆಂಪು ನೀರು ಅಕ್ಕನ ಕಾಲಡಿ ಹರಿಯಿತು. ಎಂಥ ನ್ಯಾಯ ಅದು?

ಮೊನ್ನೆ ಅಕ್ಕನ ಮನೆಗೆ ಹೋಗಿ ಹೇಳಿದೆ: "ಕರದಾಂವ ನಾನ ಅಕ್ಕಾ. ಸುಮ್ಮನ ನಿಂತಾಂವನೂ ನಾನ. ತಪ್ಪಾತು."