ಓದುವವನ ಸಾಲು

ಆ ಗುರುವಾರ ಸಂಜೆ ಇತ್ಯರ್ಥವಾಗಬೇಕಿದ್ದ ಪ್ರಶ್ನೆ ಸಾಮಾನ್ಯದ್ದಲ್ಲ. ಪ್ರಾರ್ಥನಾಕೂಟದಲ್ಲಿ ಈ ವಾರ ಸತ್ಯವೇದದಿಂದ ಒಂದು ಕೀರ್ತನೆ ಆರಿಸಿ ಓದುವ ಸರದಿ ಯಾರದು? ಗೋಡೆಯ ಪಟ್ಟಿಯಲ್ಲಿ ಲಿಫ್ಟ್ ಮೆಕ್ಯಾನಿಕ್‌ನ ಹೆಸರಿತ್ತು, ನಿಜ. ಆದರೆ ಅವನು ಮೂರು ವರ್ಷದಿಂದ ತನ್ನ ಸರದಿಯನ್ನು ಯಾರಿಗಾದರೂ ದಾಟಿಸಿ, ಕುರ್ಚಿ ಜೋಡಿಸುವುದರಲ್ಲೇ ಧನ್ಯನಾಗಿದ್ದವನು. ಇವತ್ತು ಮಾತ್ರ "ನಾನೇ ಓದ್ತೀನಿ" ಎಂದು ಪಟ್ಟು ಹಿಡಿದ. ಸಭೆಯ ಹಿರಿಯರು ಮುಖ ಮುಖ ನೋಡಿಕೊಂಡು, ಗಂಟಲು ಸರಿಮಾಡಿಕೊಂಡು, ಐದು ನಿಮಿಷ ಪಿಸುಗುಟ್ಟಿ ಒಪ್ಪಿದರು.

ಓದುವವನು ಓದಬೇಕು, ಅರ್ಥ ಹೇಳುವವನು ಹೇಳಬೇಕು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಅದು ಆ ಕೂಟದ ಕಟ್ಟಳೆ. ಅರ್ಥ ಹೇಳುವವನು ಮೆಕ್ಯಾನಿಕ್‌ನ ಭಾವ, ಅಕ್ಕನ ಗಂಡ, ಅದೇ ಕಂಪನಿಯ ಇನ್ನೊಬ್ಬ ಮೆಕ್ಯಾನಿಕ್. ಆ ವಿದ್ಯೆಯಲ್ಲಿ ಅವನನ್ನು ಮೀರಿಸಿದವರಿಲ್ಲ. ಯಾವ ಮಹಡಿಯ ಗುಂಡಿ ಒತ್ತಿದರೂ ಅವನ ಲಿಫ್ಟ್ ನಿಲ್ಲುತ್ತಿದ್ದದ್ದು ಒಂದೇ ಬಾಗಿಲಲ್ಲಿ. ಕೀರ್ತನೆ ಬರೆದ ರಾಜ ದಾವೀದ ಕುರಿ ಕಾಯಲಿ, ಯುದ್ಧಕ್ಕೆ ಹೊರಡಲಿ, ಮಲಗಿ ನರಳಲಿ, ಭಾವನ ಬಾಯಲ್ಲಿ ಅದೆಲ್ಲ ಸಾವಿರ ವರ್ಷದ ನಂತರ ಬರಲಿದ್ದ ಲೋಕರಕ್ಷಕ ಮೆಸ್ಸೀಯನ ಕಥೆಯೇ.

ಮೆಕ್ಯಾನಿಕ್‌ನ ತಲೆಯಲ್ಲಿದ್ದದ್ದು ಬೇರೆ ಲಿಫ್ಟ್. ಹೋದ ತಿಂಗಳು ಬಟ್ಟೆ ಅಂಗಡಿಯೊಂದರ ಲಿಫ್ಟ್ ಬ್ರೇಕ್ ಹಿಡಿಯದೆ ಎರಡು ಮಹಡಿ ಜಾರಿ, ಒಳಗಿದ್ದ ಕಾವಲುಗಾರನ ಕಾಲು ಮುರಿದಿತ್ತು. ಆ ವಾರ ಬ್ರೇಕ್ ನೋಡಿದವನು ಭಾವ. "ಕೂಟಕ್ಕೆ ತಯಾರಿ ಮಾಡ್ಕೋಬೇಕು ಕಣೋ. ಎಲ್ಲಾ ನೋಡಿದೀನಿ, ನೀನೇ ಒಂದು ಸಹಿ ಗೀಚಿಬಿಡು" ಎಂದು ಹೊರಟುಹೋಗಿದ್ದ. ಇವನು ತಪಾಸಣೆ ಪುಸ್ತಕದಲ್ಲಿ ಗೀಚಿದ. ವಿಚಾರಣೆಯಲ್ಲಿ ಭಾವ, "ಆ ಕಟ್ಟಡಕ್ಕೆ ನಾನು ಕಾಲೇ ಇಟ್ಟಿಲ್ಲ" ಎಂದ. ವರದಿ ಬರೆಯಬೇಕಾದ ಮೇಲ್ವಿಚಾರಕರೂ ಇದೇ ಕೂಟದವರು. ಕೂರುವುದು ಮೊದಲ ಸಾಲು, ಫ್ಯಾನಿನ ಕೆಳಗೆ. "ಭಾವನೇ ನೋಡಿದ್ದು ಅಂತ ನೀನಂತೀಯ, ಅವನು ಇಲ್ಲ ಅಂತಾನೆ. ನಾಳೆ ನಾನು ಏನಂತ ಬರೀಲಿ?" ಎಂದು ಬೆಳಿಗ್ಗೆಯಷ್ಟೇ ಕೈ ಚೆಲ್ಲಿದ್ದರು. ಸತ್ಯವೇದದ ಎದುರು ಭಾವನ ಬಾಯಿ ಸುಳ್ಳಾಡಲಾರದು, ಅದೂ ಅವರ ಕಣ್ಣೆದುರಿಗೆ, ಎಂದು ಮೆಕ್ಯಾನಿಕ್ ನಂಬಿದ್ದ.

ಅವನು ಆರಿಸಿದ್ದು ನಲವತ್ತೊಂದನೆಯ ಕೀರ್ತನೆ. ದಾವೀದ ಹಾಸಿಗೆ ಹಿಡಿದಿದ್ದಾನೆ, ಶತ್ರುಗಳು ಅವನು ಯಾವಾಗ ಸಾಯುತ್ತಾನೋ ಎಂದು ಕಾಯುತ್ತಿದ್ದಾರೆ, ತನ್ನ ಅನ್ನ ಉಂಡ ಆಪ್ತನೇ ತನ್ನನ್ನು ಒದೆಯಲು ಕಾಲೆತ್ತಿದನಲ್ಲ ಎಂದು ಗೋಳಿಡುತ್ತಾನೆ. ಆ ಜಾಗಕ್ಕೆ ಬಂದಾಗ ಮೆಕ್ಯಾನಿಕ್ ಪುಸ್ತಕ ಬಿಟ್ಟು ಭಾವನನ್ನೇ ನೋಡಿದ. ಮದುವೆಯಾದ ಹೊಸತರಲ್ಲಿ ನಾಲ್ಕು ವರ್ಷ ಭಾವ ಉಂಡದ್ದು ಇವನ ಮನೆಯಲ್ಲಿ. ಸ್ಪ್ಯಾನರ್ ಹಿಡಿಯುವುದನ್ನು ಕಲಿತದ್ದೂ ಇವನಿಂದಲೇ. ಅಕ್ಕ ನೆಲ ನೋಡಿದಳು. ಭಾವನ ಮುಖ ಸುಣ್ಣ ಬಳಿದಂತಾಯಿತು. ಕನ್ನಡಕ ತೆಗೆದ, ಒರೆಸಿದ, ಮತ್ತೆ ಒರೆಸಿದ. ಮೇಲ್ವಿಚಾರಕರು ಕುರ್ಚಿಯ ತುದಿಗೆ ಸರಿದರು.

ಕನ್ನಡಕ ಮೂಗಿನ ಮೇಲೆ ವಾಪಸು ಕೂತಿತು. "ಪ್ರಿಯರೇ," ಎಂದ ಭಾವ, "ಇದು ನಮ್ಮ ನಿಮ್ಮ ಮನೆ ಜಗಳ ಅಲ್ಲ. ಆ ಕೊನೇ ರಾತ್ರಿ ನೆನಪಿಸ್ಕೊಳ್ಳಿ. ಒಂದೇ ಮೇಜು, ಒಂದೇ ರೊಟ್ಟಿ. ತುತ್ತು ಕೊಟ್ಟವನು ಮೆಸ್ಸೀಯ, ತಗೊಂಡು, ಆತನನ್ನೇ ಶತ್ರುಗಳಿಗೆ ಹಿಡಿದುಕೊಡೋಕೆ ಎದ್ದುಹೋದವನು ಯೂದ. ಅದನ್ನ ದಾವೀದ ಸಾವಿರ ವರ್ಷ ಮೊದಲೇ ಕಂಡುಬಿಟ್ಟ!" ಹೇಳುತ್ತ ಹೇಳುತ್ತ ಅವನ ಕಣ್ಣಿಂದ ನೀರು ಇಳಿಯಿತು. ನಾಟಕವಲ್ಲ. ಯೂದನ ಮೇಲೆ ಅವನಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಮೆಕ್ಯಾನಿಕ್ ಕಟ್ಟಳೆ ಮುರಿದ. "ಭಾವ, ಹಾಗಾದ್ರೆ ದಾವೀದನಿಗೆ ಯಾರೂ ಒದೀಲೇ ಇಲ್ವಾ?"

"ಒದ್ದಿರಬಹುದಪ್ಪ. ಅದು ನೆರಳು. ನಿಜವಾದವನೇ ಬಂದ ಮೇಲೆ ನೆರಳು ಹಿಡ್ಕೊಂಡು ಏನ್ಮಾಡ್ತೀಯ?"

"ನೆರಳಿಗೂ ಹೆಂಡ್ತಿ ಮಕ್ಕಳು ಇರ್ತಾರೆ ಭಾವ."

ಹಿಂದೆ ಯಾರೋ ಕಿಸಕ್ಕೆಂದರು. ಮೆಕ್ಯಾನಿಕ್‌ಗೆ ಧೈರ್ಯ ಬಂತು. ಬೆರಳನ್ನು ಪುಟದ ಮೇಲಕ್ಕೆ ಜಾರಿಸಿದ. "ಇದೇ ಕೀರ್ತನೇಲಿ ಸ್ವಲ್ಪ ಮೊದಲು, ನಾನು ಪಾಪ ಮಾಡಿದೀನಿ ಅಂತಲೂ ಇದೆ. ಅದನ್ನೂ ಮೆಸ್ಸೀಯನೇ ಹೇಳಿದ್ದಾ?"

"ಹೌದಲ್ಲ," ಎಂದರು ಮೇಲ್ವಿಚಾರಕರು, "ಇದಕ್ಕೇನು ಹೇಳ್ತೀರಿ?"

"ಒಳ್ಳೇ ಪ್ರಶ್ನೆ ಸರ್." ಭಾವ ಒಂದು ಗುಟುಕು ನೀರು ಕುಡಿದ. "ಆತನಲ್ಲಿ ಪಾಪವಿಲ್ಲ. ಹಾಗಾಗಿ ಆ ಸಾಲು ಆತನದಲ್ಲ. ದ್ರೋಹಕ್ಕೆ ಸಿಕ್ಕಿದ್ದು ಆತ. ಪಾಪ ಮಾಡಿದೀನಿ ಅನ್ನೋ ಸಾಲು ಯಾರು ಓದ್ತಾರೋ ಅವರದು."

"ಆಮೆನ್" ಎಂದಿತು ಕೋಣೆ. ಮೇಲ್ವಿಚಾರಕರ ಮುಖದಲ್ಲಿ ಒಂದು ತಿಂಗಳ ಗಂಟು ಬಿಚ್ಚಿದ ನೆಮ್ಮದಿ. ಎದ್ದುಬಂದು ಮೆಕ್ಯಾನಿಕ್‌ನ ಹೆಗಲ ಮೇಲೆ ಕೈಯಿಟ್ಟರು. "ಆ ಸಾಲು ಇನ್ನೊಂದ್ಸಲ ಓದಪ್ಪ. ಗಟ್ಟಿಯಾಗಿ. ಮನಸ್ಸು ಹಗುರಾಗುತ್ತೆ."

ತನ್ನಲ್ಲಿ ಪಾಪವಿಲ್ಲ ಎಂದು ಆ ಕೋಣೆಯಲ್ಲಿ ಯಾರೂ ಹೇಳುವಂತಿರಲಿಲ್ಲ. ಹೇಳಿದವನೇ ಮೊದಲ ಪಾಪಿ. ಅಕ್ಕ ತಲೆಯೆತ್ತಿ, ದಮ್ಮಯ್ಯ ಎನ್ನುವ ಹಾಗೆ ನೋಡುತ್ತಿದ್ದಳು, ತಮ್ಮನನ್ನೋ ಗಂಡನನ್ನೋ ತಿಳಿಯಲಿಲ್ಲ. ಮೆಕ್ಯಾನಿಕ್ ಓದಿದ. ಭಾವ ಓಡಿಬಂದು ತಬ್ಬಿಕೊಂಡು ಅತ್ತ. ಕೂಟ ಮುಗಿಯಿತು. ಕುರ್ಚಿಗಳನ್ನು ಯಥಾಪ್ರಕಾರ ಮೆಕ್ಯಾನಿಕ್‌ನೇ ಮಡಿಸಿಟ್ಟ.

ಮರುದಿನ ಹನ್ನೊಂದು ಗಂಟೆಗೆ ವರದಿ ಬಂತು: 'ತನ್ನ ತಪ್ಪನ್ನು ಇಪ್ಪತ್ತು ಜನರ ಮುಂದೆ ತಾನಾಗಿಯೇ ಒಪ್ಪಿಕೊಂಡಿದ್ದಾನೆ.' ಊಟದ ಹೊತ್ತಿಗೆ ಅವನನ್ನು ಕೆಲಸದಿಂದ ತೆಗೆದಿದ್ದರು.