ಹೆಸರುಕಾಳಿನ ನಕಾಶೆ

"ಮುಗಿಲಾಗ ಕುಂತ ಉಪಗ್ರಹಕ್ಕ ನನ್ನ ಹೊಲ ಏನ್ ಗೊತ್ತಿರ್ತೈತ್ರಿ? ಮೋಡದ ನೆರಳು ಬಿದ್ದೈತಿ, ಅಷ್ಟ," ಎಂದು ಹೊಳೆಪ್ಪ, ಸಂಪದಾ ಹಿಡಿದಿದ್ದ ದೊಡ್ಡ ಚಿತ್ರವನ್ನು ಬೆರಳ ತುದಿಯಿಂದ ಆಚೆ ಸರಿಸಿದ.

ಊರಿನ ಭೂಬಳಕೆ ಯೋಜನೆ ಮಾಡಲು ಧಾರವಾಡದಿಂದ ಬಂದಿದ್ದ ಸಂಪದಾ ತೋರಿಸುತ್ತಿದ್ದುದು ಇಷ್ಟೇ. ಹೊಳೆಪ್ಪನ ಮತ್ತು ಸಿದ್ಧಾರೂಢನ ಹೊಲಗಳ ನಡುವೆ ಹರಿಯಬೇಕಾದ ಹಳ್ಳ ಅಲ್ಲಿಗೆ ಬಂದು ಮಾಯವಾಗುತ್ತದೆ, ಹೊಲ ದಾಟಿದ ಮೇಲೆ ಮತ್ತೆ ಹುಟ್ಟುತ್ತದೆ. ನಡುವೆ ಬರೀ ಹಸಿರು ಬೆಳೆ. ಜೋರು ಮಳೆಯಾದರೆ ದಾರಿ ಸಿಗದ ನೀರು ತಗ್ಗಿನ ಓಣಿಗೆ ನುಗ್ಗಿ ಮಹಾನಂದಾಳ ಅಡುಗೆಮನೆ ಸೇರುತ್ತಿತ್ತು.

"ನೆರಳು ಬಂದು ನನ್ನ ಒಲಿ ಆರಸೂದಿಲ್ಲ. ಹಳ್ಳಾನೂ ಬಿಡದ ಬಿತ್ತೀರಿ ಕಾಕಾ," ಎಂದಳು ಮಹಾನಂದಾ.

"ಒಂದ್ ಗೇಣೂ ಬಿತ್ತಿಲ್ಲ."

ಉಣ್ಣಲು ಹಟ ಮಾಡುವ ಮಗುವಿನ ಮುಂದೆ ತಟ್ಟೆ ಬದಲಿಸುವ ತಾಯಿಯಂತೆ ಸಂಪದಾ ಚಿತ್ರ ಸುತ್ತಿಟ್ಟಳು. "ಹೋಗ್ಲಿ ಬಿಡ್ರಿ. ನಿಮ್ಮೂರು ನಿಮಗ ಗೊತ್ತದ. ನೀವ ನೆಲದ ಮ್ಯಾಲ ನಕಾಶಿ ಮಾಡ್ರಿ."

ಪಂಚಾಯ್ತಿ ಅಂಗಳದಲ್ಲಿ ಹೆಂಗಸರು ರಂಗೋಲಿಯಿಂದ ರಸ್ತೆ, ಗುಡಿ, ಹೊಲಗಳ ಬದು ಎಳೆದರು. ಹಳ್ಳಕ್ಕೆ ನೀಲಿ ಪುಡಿ. ಹೊಳೆಪ್ಪನೂ ಬಾಗಿ ನೋಡಿ, "ಬರೋಬ್ಬರಿ ಐತಿ" ಎಂದ. ಇನ್ನು ಬೆಳೆ ಇರುವಲ್ಲೆಲ್ಲ ಅವರವರ ಕಾಳು ಹಾಕಬೇಕು. ಹೊಳೆಪ್ಪ ಹೆಸರುಕಾಳು ಚೆಲ್ಲಿ, ಬಲು ಹುಷಾರಾಗಿ ಬದುವಿನ ಈಚೆಗೇ ಕೈ ನಿಲ್ಲಿಸಿದ.

ಆಚೆ ಸಿದ್ಧಾರೂಢ ಬುಟ್ಟಿ ಗೋವಿನಜೋಳ ಸುರಿದು ಸೊಂಟದ ಮೇಲೆ ಕೈಯಿಟ್ಟು ನಿಂತ. "ಏನಲೇ ಹೊಳೆಪ್ಪ, ನನ್ನ ಬಾಜೂಕ ನಿಂದು ಹೊಲ ಅಲ್ಲ, ಹಿತ್ತಲ ಕಂಡಂಗ ಕಾಣತೈತಿ."

"ಯಾರದಲೇ ಹಿತ್ತಲ?" ಹೊಳೆಪ್ಪ ಹೆಂಡತಿಯ ಕಡೆ ಕೈ ಚಾಚಿದ. ಶಾರದವ್ವ ಮೊರ ಮುಂದೆ ಹಿಡಿದಳು. "ಈ ಮೂಲ್ಯಾಗ ಎಂಥಾ ಹೆಸರು ಬಂದೈತಿ ಗೊತ್ತೈತೇನು? ಇಲ್ಲೂ ಬಂದೈತಿ. ಇಲ್ಲಿತನಾ ಬಂದೈತಿ." ಕುಕ್ಕರಗಾಲಿನಲ್ಲೇ ಸರಿಯುತ್ತ, ಹಿಡಿ ಹಿಡಿ ಚೆಲ್ಲುತ್ತ ಹೋದ ಹೊಳೆಪ್ಪನ ಕೈ ನಿಂತದ್ದು ಸಿದ್ಧಾರೂಢನ ಗೋವಿನಜೋಳಕ್ಕೆ ತಾಗಿದಾಗಲೇ.

"ಕಾಕಾ," ಮಹಾನಂದಾ ಮೆಲ್ಲಗೆ ಕೇಳಿದಳು, "ಹಳ್ಳ ಎಲ್ಲಿ ಹೋತು?"

ಹೊಳೆಪ್ಪ ಕಾಲ ಬುಡ ನೋಡಿಕೊಂಡ. ನೀಲಿ ಎಲ್ಲೂ ಇರಲಿಲ್ಲ. ಸಂಪದಾ ಚಿತ್ರ ಬಿಚ್ಚಿ ಪಕ್ಕದಲ್ಲಿ ಹಿಡಿದಳು. ಎರಡೂ ಒಂದೇ ಥರ ಇದ್ದವು. ಉಪಗ್ರಹದ್ದಕ್ಕಿಂತ ಹೊಳೆಪ್ಪನದೇ ತುಸು ಸ್ಪಷ್ಟವಾಗಿತ್ತು.

"ಕೈ ತಪ್ಪಿ ಬಿದ್ದಾವ. ತಗೀತೀನಿ, ತಡೀರಿ."

"ಮತ್ತ ಹೊಲದಾಗ ಬಿದ್ದಾವಲ್ಲ, ಅವು?" ಎಂದಳು ಮಹಾನಂದಾ.

ಹೊಳೆಪ್ಪ ಶಾರದವ್ವನ ಮುಖ ನೋಡಿದ.

"ನನ್ನ ಯಾಕ ನೋಡ್ತೀರಿ? ಬಿತ್ತೂವಾಗ ಕೇಳಿದ್ರೇನು?" ಎಂದು ಅವಳು ಖಾಲಿ ಮೊರ ಕೊಡವಿದಳು.

"ಸುಗ್ಗಿ ಒಂದು ಆಗ್ಲಿ," ಎಂದ ಹೊಳೆಪ್ಪ, ಯಾರ ಮುಖವನ್ನೂ ನೋಡದೆ. "ಬಿಟ್ಟ ಬಿಡ್ತೀನಿ."

ತಗ್ಗಿನ ಓಣಿಯ ಕೋಳಿಗಳಿಗೆ ಸುಗ್ಗಿಯ ತನಕ ಕಾಯುವ ಪುರಸೊತ್ತಿರಲಿಲ್ಲ. ಕಾಳು ಕಂಡದ್ದೇ ಅಂಗಳಕ್ಕೆ ನುಗ್ಗಿದವು. ಓಡಿಸಲು ಹೊಳೆಪ್ಪ ಕೈ ಎತ್ತಿದ. ಇಡೀ ಊರು ತನ್ನನ್ನೇ ನೋಡುತ್ತಿರುವುದು ಕಂಡು, ಎತ್ತಿದ ಕೈಯಿಂದ ತಲೆ ಕೆರೆದುಕೊಂಡ. ಕೋಳಿಗಳು ಹೆಕ್ಕುತ್ತ ಹೋದಂತೆ, ಹೆಸರಿನ ನಡುವಿನಿಂದ ನೀಲಿ ಗೆರೆಯೊಂದು ತುಸುತುಸುವೇ ಹರಿಯತೊಡಗಿತು.